ತಂತಿ ಮೇಲಿನ ಬೆಡ್‌ಶೀಟ್

ಫೆಬ್ರುವರಿ 16, 2025, ಭಾನುವಾರ
ಮೂಡಿಗೆರೆ ಹತ್ತಿರ

ಬೆಳಿಗ್ಗೆ ಕಾಫಿ ಕಣಕ್ಕೆ ಹೋದರೆ, ತುದಿಯ ತಂತಿ ಮೇಲೆ ಮಗಳ ಬೆಡ್‌ಶೀಟ್. ಸರಿಯಾಗಿ ಹಿಂಡಿರಲಿಲ್ಲ, ನೀರು ತೊಟ್ಟಿಕ್ಕುತ್ತಿತ್ತು. ಒಂದು ಮೂಲೆಯಲ್ಲಿ ಸೋಪಿನ ನೊರೆ ಹಾಗೇ ಇತ್ತು. ನಾನು ಒಗೆದದ್ದಲ್ಲ. ಏಳು ವರ್ಷದ ಮಗು, ಯಾರೂ ಏಳುವ ಮೊದಲೇ ಎದ್ದು ತಾನೇ ಒಗೆದು ಹಾಕಿದ್ದಾಳೆ.

ಹಾಸಿಗೆ ಒದ್ದೆ ಮಾಡೋದು ನಿಂತು ಮೂರು ವರ್ಷದ ಮೇಲಾಗಿತ್ತು. ಈ ತಿಂಗಳು ಇದು ಮೂರನೇ ಸಲ. ಮೊದಲೆರಡು ಸಲ ಗದರಿಸಿದ್ದೆ. ಅದಕ್ಕೇ ಈ ಸಲ ಮುಚ್ಚಿಟ್ಟಿದ್ದಾಳೆ. ಡಾಕ್ಟರಿಗೂ ತೋರಿಸಬೇಕು, ಸೋಂಕು ಇದ್ದರೂ ಹೀಗಾಗುತ್ತೆ. ಆದರೆ ಮೂರೂ ಸಲ ಹಿಂದಿನ ರಾತ್ರಿ ನಾವಿಬ್ಬರೂ ಕಿತ್ತಾಡಿದ್ದೆವು.

ರೋಬಸ್ಟಾ ಕಾಫಿಗೆ ಇಂಥ ಬೆಲೆ ನಾವು ಕಂಡೇ ಇಲ್ಲ, ಈಗಲೇ ಮಾರಿ ಸಾಲ ತೀರಿಸೋಣ ಅಂತ ನಾನು. ಇನ್ನೂ ಏರುತ್ತೆ, ಕಾಯೋಣ ಅಂತ ಇವರು. ಅಲ್ಲಿಂದ ಶುರುವಾಗಿ ನನ್ನ ತವರು, ಇವರ ತಮ್ಮನಿಗೆ ಕೊಡಬೇಕಾದ ದುಡ್ಡು, ಎಲ್ಲಾ ಬರುತ್ತೆ. ಪಾಪು ಮಲಗಿದೆ, ಬಾಗಿಲು ಹಾಕಿದೆ ಅಂದುಕೊಂಡಿದ್ದೆವು. ನಮ್ಮದು ಹೆಂಚಿನ ಮನೆ. ನಡುಗೋಡೆ ಮಾಡಿನವರೆಗೆ ಹೋಗೋದೇ ಇಲ್ಲ.

ನಿದ್ದೆ ಬಂದಿದ್ದರೂ ಅಷ್ಟೇ. ಒರೆಗಾನ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಆರರಿಂದ ಹನ್ನೆರಡು ತಿಂಗಳ ಕೂಸುಗಳು ಮಲಗಿದ್ದಾಗ ಸಿಟ್ಟಿನ ದನಿ ಕೇಳಿಸಿ ಮಿದುಳಿನ ಸ್ಕ್ಯಾನ್ ಮಾಡಿದ್ದರು. ಜಗಳ ಜಾಸ್ತಿ ಇರುವ ಮನೆಯ ಕೂಸುಗಳ ಮಿದುಳು, ಒತ್ತಡವನ್ನು ನೋಡಿಕೊಳ್ಳುವ ಭಾಗಗಳಲ್ಲಿ, ಹೆಚ್ಚು ಸ್ಪಂದಿಸಿತ್ತು. ಮಾತು ಬಾರದ ಕೂಸುಗಳು! ನನ್ನ ಮಗಳಿಗೆ ಒಂದೊಂದು ಮಾತೂ ಅರ್ಥವಾಗುತ್ತೆ.

ಹಾಸನದ ಅಕ್ಕನಿಗೆ ಫೋನ್ ಮಾಡಿ ಅತ್ತೆ. ಅವಳು ಒಂದೇ ಪ್ರಶ್ನೆ ಕೇಳಿದಳು: "ನೀವು ರಾಜಿ ಆಗೋದನ್ನ ಪಾಪು ಯಾವತ್ತಾದ್ರೂ ನೋಡಿದಾಳಾ?"

ಇಲ್ಲ. ನಾವು ರಾಜಿ ಆಗೋದು ಅವಳು ಸ್ಕೂಲಿಗೆ ಹೋದ ಮೇಲೆ, ಅಡಿಗೆಮನೇಲಿ, ಒಂದು ಲೋಟ ಕಾಫಿ ಕೈಗಿಟ್ಟು. ಅವಳ ಪಾಲಿಗೆ ನಮ್ಮ ಯಾವ ಜಗಳವೂ ಮುಗಿದೇ ಇಲ್ಲ.

ಸಂಜೆ ಕಾಫಿ ರಾಶಿ ಮಾಡಿ ಟಾರ್ಪಾಲ್ ಮುಚ್ಚುವಾಗ ಅವಳನ್ನೂ ಕರೆದೆ. "ನಿನ್ನೆ ನಾನು ಹಾಗೆ ಕೂಗಾಡಬಾರದಿತ್ತು ಕಣ್ರೀ" ಅಂದೆ. ಇವರು ಸ್ವಲ್ಪ ಹೊತ್ತು ಸುಮ್ನಿದ್ದರು. "ನಾನೂ ಜೋರು ಮಾಡಿದೆ. ನಿಂದೇನೂ ತಪ್ಪಿಲ್ಲ ಪುಟ್ಟಿ" ಅಂದರು.

ಅವಳು ಟಾರ್ಪಾಲಿನ ತುದಿ ಬಿಡಲಿಲ್ಲ.

"ಹಾಗಾದ್ರೆ ಈಗ ಮಾರ್ತೀರಾ, ಕಾಯ್ತೀರಾ?"

ಅರ್ಧ ಮಾರ್ತೀವಿ ಅಂದೆ.

"ಚಿಕ್ಕಪ್ಪಂಗೆ ಕೊಡೋ ದುಡ್ಡು?"