ಪೊಲೀಸರು ಮಾಹಿತಿ ಹಂಚಿಕೊಳ್ಳಲು ಐದು ವರ್ಷದ ಮಾತುಕತೆ ಏಕೆ?

ಕಾನೂನು ವಿದ್ಯಾರ್ಥಿಗಳಿಗೆ ದತ್ತಾಂಶ ರಕ್ಷಣೆಯ ಪಾಠ ಮಾಡಿದಾಗಲೆಲ್ಲ ಹಿಂದಿನ ಬೆಂಚಿನಿಂದ ಈ ಪ್ರಶ್ನೆ ಬಂದೇ ಬರುತ್ತದೆ: ‘ಕಳ್ಳನನ್ನು ಹಿಡಿಯಲು ಎರಡು ಕಡೆಯ ಪೊಲೀಸರು ಮಾತನಾಡಿಕೊಂಡರೆ ಸಾಕಲ್ಲವೇ ಸರ್? ಅಮೆರಿಕ, ಯುರೋಪ್ ಅಷ್ಟು ವರ್ಷ ಜಗ್ಗಾಡಿದ್ದು ಯಾಕೆ?’

ಕೇಳುತ್ತಿರುವುದು ‘ಅಂಬ್ರೆಲಾ ಒಪ್ಪಂದ’ದ ಬಗ್ಗೆ. ಅಪರಾಧ ತನಿಖೆಗಾಗಿ ಅಮೆರಿಕ ಮತ್ತು ಯುರೋಪ್ ಒಕ್ಕೂಟ ಹಂಚಿಕೊಳ್ಳುವ ಜನರ ವೈಯಕ್ತಿಕ ಮಾಹಿತಿಯನ್ನು ಕಾಪಾಡುವ ಒಪ್ಪಂದ ಅದು. 2011ರ ಮಾರ್ಚ್‌ನಲ್ಲಿ ಮಾತುಕತೆ ಶುರು, 2016ರ ಜೂನ್ 2ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸಹಿ, 2017ರ ಫೆಬ್ರುವರಿ 1ರಿಂದ ಜಾರಿ. ಆದರೆ ಅಷ್ಟು ದಿನ ಪೊಲೀಸರು ಕೈಕಟ್ಟಿ ಕುಳಿತಿರಲಿಲ್ಲ. ವಿಮಾನ ಪ್ರಯಾಣಿಕರ ವಿವರಕ್ಕೆ ಒಂದು, ಬ್ಯಾಂಕ್ ಹಣ ವರ್ಗಾವಣೆಯ ವಿವರಕ್ಕೆ ಇನ್ನೊಂದು ಒಪ್ಪಂದ ಇದ್ದೇ ಇತ್ತು. ಹೀಗೆ ಹೋದ ಮಾಹಿತಿಯನ್ನು ಯಾವುದಕ್ಕೆ ಬಳಸಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು, ಮೂರನೆಯ ದೇಶಕ್ಕೆ ದಾಟಿಸಲು ಯಾರ ಒಪ್ಪಿಗೆ ಬೇಕು ಎಂಬ ನಿಯಮಗಳನ್ನು ಒಂದೇ ಕೊಡೆಯಡಿ ತರುವುದು ಹೊಸ ಒಪ್ಪಂದದ ಕೆಲಸ. ಇವುಗಳ ಮೇಲೂ ವಾದ ನಡೆಯಿತು. ಗಾಡಿ ಹೂತುಹೋದದ್ದು ಮಾತ್ರ ಒಂದು ಪದದಲ್ಲಿ.

ಆ ಪದ ‘ವ್ಯಕ್ತಿ’. ಸರ್ಕಾರಿ ಕಡತದಲ್ಲಿ ತನ್ನ ಬಗ್ಗೆ ತಪ್ಪು ಬರೆದಿದ್ದರೆ ವ್ಯಕ್ತಿಯೊಬ್ಬ ಕೋರ್ಟಿಗೆ ಹೋಗಬಹುದು ಎನ್ನುತ್ತದೆ ಅಮೆರಿಕದ 1974ರ ಖಾಸಗಿತನ ಕಾಯ್ದೆ. ವ್ಯಕ್ತಿ ಎಂದರೆ ಯಾರು? ಅಮೆರಿಕದ ಪ್ರಜೆ, ಇಲ್ಲವೇ ಅಲ್ಲಿನ ಕಾಯಂ ವಾಸಿ. ಈ ವ್ಯಾಖ್ಯೆಯನ್ನು ನಾನು ತರಗತಿಯಲ್ಲಿ ಎರಡು ಸಲ ಓದುತ್ತೇನೆ. ಮೊದಲ ಸಲ ಯಾರೂ ನಂಬುವುದಿಲ್ಲ. ಫ್ರಾನ್ಸಿನ ಲಿಯಾನ್‌ನ ಬೇಕರಿಯವನ ಹೆಸರು ಯಾವುದೋ ಕಳ್ಳಸಾಗಣೆದಾರನ ಹೆಸರಿನೊಂದಿಗೆ ಬೆರೆತುಹೋಯಿತು ಎಂದುಕೊಳ್ಳಿ. ಆ ಕಾಯ್ದೆಯ ಕಣ್ಣಿಗೆ ಅವನು ವ್ಯಕ್ತಿಯೇ ಅಲ್ಲ. ‘ನಿಮ್ಮವರು ನಮ್ಮ ನ್ಯಾಯಾಲಯಕ್ಕೆ ಬರಬಹುದು, ನಮ್ಮವರಿಗೆ ನಿಮ್ಮಲ್ಲಿ ಏಕಿಲ್ಲ?’ ಎಂಬುದು ಯುರೋಪಿನ ಪಟ್ಟು.

ಅಮೆರಿಕದ ಅಧಿಕಾರಿಗಳು ಮೇಜಿನ ಮೇಲೆ ಏನು ಒಪ್ಪಿದರೂ ಕಾಯ್ದೆ ತಿದ್ದಬೇಕಾದದ್ದು ಅಲ್ಲಿನ ಸಂಸತ್ತಾದ ಕಾಂಗ್ರೆಸ್. 2013ರಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲಿಗೆಳೆದ, ಅಮೆರಿಕದ ಬೇಹುಗಾರಿಕೆಯ ದಾಖಲೆಗಳು ಯುರೋಪಿನ ಸಿಟ್ಟಿಗೆ ತುಪ್ಪ ಸುರಿದವು. ಮರುವರ್ಷ ಅಮೆರಿಕದ ನ್ಯಾಯ ಇಲಾಖೆಯ ಮುಖ್ಯಸ್ಥ, ಅಟಾರ್ನಿ ಜನರಲ್ ಎರಿಕ್ ಹೋಲ್ಡರ್ ಅಥೆನ್ಸ್‌ನಲ್ಲಿ, ಯುರೋಪಿನವರಿಗೂ ಕೋರ್ಟಿಗೆ ಹೋಗುವ ಹಕ್ಕು ಕೊಡುವ ಕಾನೂನು ತರಲು ಯತ್ನಿಸುತ್ತೇವೆ ಎಂದು ಮಾತು ಕೊಟ್ಟರು. 2015ರ ಸೆಪ್ಟೆಂಬರ್‌ನಲ್ಲಿ ಕರಡು ಅಂತಿಮವಾಯಿತು, ಆದರೆ ಕಾಯ್ದೆ ಬರುವವರೆಗೆ ಸಹಿ ಇಲ್ಲ ಎಂದಿತು ಯುರೋಪ್. ಬುದ್ಧಿವಂತಿಕೆ ಎಂದರೆ ಇದು! ಒಬಾಮ ಆ ಕಾಯ್ದೆಗೆ ಅಂಕಿತ ಹಾಕಿದ್ದು 2016ರ ಫೆಬ್ರುವರಿ 24ರಂದು. ಅಷ್ಟರಲ್ಲಿ ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್ ತನ್ನದೊಂದು ಗಂಟು ಹಾಕಿತ್ತು: ವಾಣಿಜ್ಯಕ್ಕಾಗಿ ವೈಯಕ್ತಿಕ ಮಾಹಿತಿಯನ್ನು ಅಮೆರಿಕಕ್ಕೆ ಕಳುಹಿಸಲು ಬಿಡುವ ದೇಶಗಳ ಪ್ರಜೆಗಳಿಗೆ ಮಾತ್ರ ಈ ಹಕ್ಕು. ಪೊಲೀಸ್ ಕಡತದ ಮಾತಿನಲ್ಲಿ ವ್ಯಾಪಾರ ನುಸುಳಿದ್ದು ಹೀಗೆ.

ಹಾಗಾದರೆ ಎಲ್ಲರಿಗೂ ಬಾಗಿಲು ತೆರೆಯಿತೇ? ಹತ್ತು ವರ್ಷದಿಂದ ಫ್ರಾಂಕ್‌ಫರ್ಟ್‌ನಲ್ಲಿರುವ, ಭಾರತದ ಪಾಸ್‌ಪೋರ್ಟ್ ಇರುವ ಮೈಸೂರಿನವನೊಬ್ಬನನ್ನು ಊಹಿಸಿಕೊಳ್ಳಿ. ಅವನ ಮಾಹಿತಿಯೂ ಪಕ್ಕದ ಮನೆಯ ಜರ್ಮನ್ನನ ಮಾಹಿತಿಯೂ ಒಂದೇ ದಾರಿಯಲ್ಲಿ ಹೋಗುತ್ತವೆ. ತಪ್ಪು ಸರಿಪಡಿಸಿ ಎಂದು ಇಬ್ಬರೂ ಅರ್ಜಿ ಕೊಡಬಹುದು. ಆದರೆ ಅರ್ಜಿ ತಿರಸ್ಕೃತವಾದರೆ ಈ ಕಾಯ್ದೆಯಡಿ ಕೋರ್ಟಿನ ಮೆಟ್ಟಿಲು ಹತ್ತಲು ಅಟಾರ್ನಿ ಜನರಲ್ ಹೆಸರಿಸಿದ ದೇಶದ ಪ್ರಜೆಯಾಗಿರಬೇಕು. ಆ ಪಟ್ಟಿಯಲ್ಲಿ ಭಾರತ ಇಲ್ಲ. ಯುರೋಪ್ ಸಂಸತ್ತಿನ ಕಾನೂನು ವಿಭಾಗವೇ ಈ ಕೊರತೆಯನ್ನು ಎತ್ತಿ ತೋರಿಸಿತ್ತು. ಸಂಸತ್ತು 2016ರ ಡಿಸೆಂಬರ್‌ನಲ್ಲಿ ಹಾಗೆಯೇ ಒಪ್ಪಿಗೆ ಕೊಟ್ಟಿತು.