ಮಡಿಕೇರಿ ಮಳೆಯಲ್ಲಿ ಗುಳ್ಳೆ ಎಣಿಸಿದ ಕಥೆ

ಜುಲೈ ತಿಂಗಳಲ್ಲಿ ದ್ಯುತಿಸಂಶ್ಲೇಷಣೆಯ, ಅಂದ್ರೆ ಗಿಡ ಬೆಳಕಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುವುದರ, ಪ್ರಾಕ್ಟಿಕಲ್ ಇಟ್ಟವರು ಖಂಡಿತ ಬಯಲುಸೀಮೆಯವರೇ ಇರಬೇಕು. ನಾನಾಗ ಮಡಿಕೇರಿಯಲ್ಲಿ ಬಿಎಸ್ಸಿ ಮೊದಲ ವರ್ಷ. ಲ್ಯಾಬ್ ಕಿಟಕಿಯಿಂದ ನೋಡಿದರೆ ಎದುರಿನ ಕಟ್ಟಡವೇ ಕಾಣದಷ್ಟು ಮಂಜು, ಮೂರು ವಾರದಿಂದ ಒಗೆದ ಬಟ್ಟೆ ಒಣಗಿಲ್ಲ, ಅಂಥ ಹೊತ್ತಿನಲ್ಲಿ ನಾವು ಬೀಕರ್‌ನಲ್ಲಿ ಹೈಡ್ರಿಲ್ಲಾ ಅನ್ನೋ ನೀರುಗಿಡ ಇಟ್ಟು, ಮೇಲೆ ಫನಲ್ ಬೋರಲು ಹಾಕಿ, ಅದರ ಮೇಲೆ ನೀರು ತುಂಬಿದ ಟೆಸ್ಟ್ ಟ್ಯೂಬ್ ಕವಿಚಿ, ಗಿಡ ಬಿಡುವ ಆಮ್ಲಜನಕದ ಗುಳ್ಳೆ ನಿಮಿಷಕ್ಕೆ ಎಷ್ಟು ಏಳುತ್ತವೆ ಅಂತ ಎಣಿಸಬೇಕಿತ್ತು. ಬಲ್ಬ್ ಹತ್ತಿರ ಇದ್ದಾಗ ಎಷ್ಟು, ದೂರ ಸರಿಸಿದಾಗ ಎಷ್ಟು. ಬಲ್ಬ್ ಹಾಕೋಣ ಅಂದ್ರೆ ಕರೆಂಟ್ ಹೋಗಿ ಎರಡು ದಿನ ಆಗಿತ್ತು.

ಅರ್ಧ ಗಂಟೆ ಕಾದೆ. ಕಾಂಡದ ತುದಿಯಲ್ಲಿ ಒಂದೇ ಒಂದು ಗುಳ್ಳೆ ಅಂಟಿಕೊಂಡು ಕೂತಿತ್ತು, ಮೇಲೆ ಏಳಲೇ ಇಲ್ಲ. ಬೇಜಾರಾಗಿ ರೆಕಾರ್ಡ್ ಪುಸ್ತಕದಲ್ಲಿ 42, 30, 17 ಅಂತ ಬರೆದುಬಿಟ್ಟೆ. ಸುಮ್ನೆ ಬರೆದರೂ ಲಕ್ಷಣವಾಗಿತ್ತು, ಇಳಿಯುತ್ತಾ ಹೋಗಿತ್ತಲ್ಲ.

ಮೇಡಂ ನೋಡಿ ನಕ್ಕರು. "ಬೆಳಕಿಲ್ಲದಿದ್ರೆ ಗುಳ್ಳೆ ಬರಲ್ಲ ಅಂತ ವಿಜ್ಞಾನಿ ಇಂಗನ್‌ಹೌಸ್ 1779ರಲ್ಲೇ ಹೇಳಿದ್ದಾನೆ. ನಿನಗೊಬ್ಬಳಿಗೆ ಬಿಸಿಲು ಎಲ್ಲಿ ಸಿಕ್ತಮ್ಮಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅವರು ಬೈಯಲಿಲ್ಲ. ಅದೇ ಹೈಡ್ರಿಲ್ಲಾದಿಂದ ಒಂದು ಎಳೆ ಎಲೆ ಕಿತ್ತು, ಸ್ಲೈಡ್ ಮೇಲೆ ನೀರಿನ ಹನಿಯಲ್ಲಿಟ್ಟು, ಕವರ್ ಸ್ಲಿಪ್ ಮುಚ್ಚಿ, ಮೈಕ್ರೋಸ್ಕೋಪಿನ ಕನ್ನಡಿಗೆ ಮೊಬೈಲ್ ಟಾರ್ಚ್ ಹಿಡಿದು "ನೋಡು" ಅಂದರು.

ಈರುಳ್ಳಿ ಸಿಪ್ಪೆ ಎಲ್ಲರೂ ನೋಡಿರ್ತಾರೆ, ಇಟ್ಟಿಗೆ ಗೋಡೆ ಥರ ಸಾಲು ಸಾಲು ಕೋಶ, ಬಣ್ಣ ಹಾಕಿದರೆ ಒಂದೊಂದರಲ್ಲಿ ಒಂದು ಚುಕ್ಕಿ, ಅಷ್ಟೆ. ಅದರಲ್ಲಿ ಜೀವ ಇದೆ ಅಂತ ನನಗೆ ಯಾವತ್ತೂ ಅನ್ನಿಸಿರಲಿಲ್ಲ. ಇದು ಹಾಗಲ್ಲ. ಕೋಶದ ಅಂಚಿಗೆ ಹಸಿರು ಕಾಳುಗಳು, ಅವೇ ಕ್ಲೋರೋಪ್ಲಾಸ್ಟ್, ಗಿಡದ ಅಡುಗೆಮನೆ. ಮೊದಲು ಸುಮ್ಮನಿದ್ದಂತೆ ಕಂಡವು. ಮೇಡಂ ಅಟೆಂಡರ್ ಅಣ್ಣನ ಟೀ ನೀರಿನಿಂದ ಸ್ವಲ್ಪ ತಗೊಂಡು, ಉಗುರುಬೆಚ್ಚಗೆ ಮಾಡಿ, ಒಂದು ಹನಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಒಂದು ಕಾಳು ಜರುಗಿತು. ಅದರ ಹಿಂದೆ ಇನ್ನೊಂದು. ಆಮೇಲೆ ನಮ್ಮೂರ ದಸರಾ ಮೆರವಣಿಗೆಯ ಮಂಟಪಗಳ ಹಾಗೆ ಒಂದರ ಹಿಂದೆ ಒಂದು, ಗೋಡೆ ಪಕ್ಕದಲ್ಲೇ ಸುತ್ತು ಹಾಕತೊಡಗಿದವು. ಮೂಲೆಯಲ್ಲಿ ಒಂದು ಸಿಕ್ಕಿಹಾಕಿಕೊಂಡು, ತಿರುಗಿ, ಮತ್ತೆ ಸಾಲಿಗೆ ಸೇರಿತು. ನಾನು ಕಣ್ಣು ತೆಗೆಯಲೇ ಇಲ್ಲ, ಹಿಂದೆ ನಿಂತಿದ್ದವರೆಲ್ಲ ಗೊಣಗಿದರು.

ಮೇಡಂ ಕೇಳಿದ್ದು ಒಂದೇ ಪ್ರಶ್ನೆ. ಬಿಸಿಲಿಲ್ಲ, ಗುಳ್ಳೆ ಇಲ್ಲ, ಅಂದ್ರೆ ಅಡುಗೆ ಹೆಚ್ಚುಕಮ್ಮಿ ನಿಂತಿದೆ, ಮತ್ತೆ ಈ ಓಡಾಟಕ್ಕೆ ಖರ್ಚು ಎಲ್ಲಿಂದ?

ನಾನು ಅದುವರೆಗೂ ಗಿಡಕ್ಕೆ ಕ್ಲೋರೋಪ್ಲಾಸ್ಟ್, ಪ್ರಾಣಿಗೆ ಮೈಟೋಕಾಂಡ್ರಿಯಾ ಅಂತಲೇ ತಿಳಿದಿದ್ದೆ. ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದಿತ್ತು, ಆದರೂ! ಗಿಡದಲ್ಲಿ ಎರಡೂ ಇವೆ. ಬಿಸಿಲಿದ್ದಾಗ ಮಾಡಿಟ್ಟ ಸಕ್ಕರೆಯನ್ನು ಮೈಟೋಕಾಂಡ್ರಿಯಾ ಹಗಲೂ ರಾತ್ರಿ ಒಡೆದು ಎಟಿಪಿ, ಅಂದ್ರೆ ಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ, ಮಾಡುತ್ತಲೇ ಇರುತ್ತದೆ, ಆ ಎಟಿಪಿ ಖರ್ಚಾಗಿಯೇ ಈ ಹಸಿರು ಕಾಳುಗಳು ಸುತ್ತುವುದು. ಮೈಟೋಕಾಂಡ್ರಿಯಾ ನಮ್ಮ ಲ್ಯಾಬಿನ ಮೈಕ್ರೋಸ್ಕೋಪಿನಲ್ಲಿ ಕಾಣಲ್ಲ. ಅದು ಮಾಡುವ ಕೆಲಸ ಮಾತ್ರ ಕಂಡಿತು.

ಸಕ್ಕರೆ ನೀರಿನಲ್ಲಿ ಯೀಸ್ಟ್ ಬಿಡುವ ಅನಿಲ ಬಲೂನು ಉಬ್ಬಿಸುತ್ತಾ ಅಂತ ನೋಡುವ ಪ್ರಯೋಗವೂ ಚಳಿಗೆ ಸೋತಿತು. ಬಾಟಲಿ ಬಾಯಿಗೆ ಕಟ್ಟಿದ ಬಲೂನು ಸಂಜೆವರೆಗೂ ಜೋತುಬಿದ್ದೇ ಇತ್ತು. ಮಳೆಗಾಲದಲ್ಲಿ ದೋಸೆ ಹಿಟ್ಟಿನ ಪಾತ್ರೆಯನ್ನು ಒಲೆ ಪಕ್ಕ ಇಡುವ ಅಜ್ಜಿಗೆ ಚಳಿಯಲ್ಲಿ ಹುಳಿ ಬರೋದು ನಿಧಾನ ಅಂತ ಯಾವಾಗಲೋ ಗೊತ್ತಿತ್ತು, ಡಿಸೆಂಬರ್ ಚಳಿಯಲ್ಲಿ ಪಲ್ಪ್ ಮಾಡಿದ, ಅಂದ್ರೆ ಸಿಪ್ಪೆ ಬಿಡಿಸಿದ, ಕಾಫಿ ಬೀಜದ ಲೋಳೆ ಬಿಡಲು ತೊಟ್ಟಿಯಲ್ಲಿ ಜಾಸ್ತಿ ಹೊತ್ತು ಬೇಕು ಅಂತ ಅಪ್ಪನಿಗೂ ಗೊತ್ತಿತ್ತು. ನನಗೆ ಗೊತ್ತಿದ್ದದ್ದು ಲೆಕ್ಕ ಮಾತ್ರ: ಗಾಳಿ ಇಲ್ಲದೆ ಹುಳಿ ಬಂದರೆ ಒಂದು ಗ್ಲೂಕೋಸಿಗೆ 2 ಎಟಿಪಿ, ಗಾಳಿ ಇದ್ದರೆ 36 ಇಲ್ಲವೇ 38. ಅದೂ ಹಳೇ ಲೆಕ್ಕವಂತೆ, ಈಗ 30ರಿಂದ 32 ಅಂತಾರೆ.

ಇನ್ನೊಂದನ್ನು ಮನೆಯಲ್ಲೇ ಮಾಡಿದೆ. ಮೊಳಕೆ ಬಂದ ಹೆಸರುಕಾಳನ್ನು ಅಜ್ಜಿಯ ಕಾಫಿ ಫ್ಲಾಸ್ಕಿಗೆ ಹಾಕಿ, ಥರ್ಮಾಮೀಟರ್ ಇಟ್ಟು, ಬಾಯಿಗೆ ಹತ್ತಿ ತುರುಕಿದೆ. ನನ್ನ ಹಳೇ ಫ್ಲಾಸ್ಕಿಗೆ ಬೇಯಿಸಿ ಆರಿಸಿದ ಕಾಳು. ಮಾರನೇ ದಿನ ಬೇಯಿಸಿದ್ದು 21 ಡಿಗ್ರಿಯಲ್ಲೇ ಇತ್ತು, ಮೊಳಕೆಯದ್ದು 25ಕ್ಕೆ ಏರಿತ್ತು. ಸಕ್ಕರೆ ಒಡೆದಾಗ ಬರುವ ಶಕ್ತಿಯೆಲ್ಲ ಎಟಿಪಿಗೆ ಹೋಗಲ್ಲ, ಅರ್ಧಕ್ಕಿಂತ ಜಾಸ್ತಿ ಬಿಸಿಯಾಗಿ ಸೋರುತ್ತೆ. ಅಜ್ಜಿಗೆ ತೋರಿಸಿದೆ. ಕೈ ಹಾಕಿ ನೋಡಿ "ಹೌದಲ್ಲಾ, ಬೆಚ್ಚಗುಂಟು" ಅಂದರು, ಆಮೇಲೆ ಅದು ಯಾರ ಫ್ಲಾಸ್ಕ್ ಅಂತ ನೋಡಿದರು.

ರೆಕಾರ್ಡಿನಲ್ಲಿ 42, 30, 17 ಹೊಡೆದುಹಾಕಿ ಮೂರೂ ಕಡೆ 0 ಬರೆದೆ. ಕಾರಣ: ಬೆಳಕಿಲ್ಲ. ಮೇಡಂ ಸೈನ್ ಹಾಕಿದರು. ನವೆಂಬರಿನಲ್ಲಿ ಒಂದು ದಿನ ಕಿಟಕಿಗೆ ಚೆನ್ನಾಗಿ ಬಿಸಿಲು ಬಿದ್ದಾಗ ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಸಿಗಲಿ ಅಂತ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮತ್ತೆ ಎಣಿಸಿದೆ, ನಿಮಿಷಕ್ಕೆ 26 ಬಂತು.

ಫ್ಲಾಸ್ಕನ್ನು ಮಾತ್ರ ಅಜ್ಜಿ ಇವತ್ತಿಗೂ ಮುಟ್ಟಲ್ಲ. ಎಷ್ಟು ತೊಳೆದರೂ ಕಾಫಿಗೆ ಮೊಳಕೆ ವಾಸನೆ ಬರುತ್ತಂತೆ.