ಕಾಳಿಯ ಕಾಲಡಿಯ ಅಕ್ಷರ

ಕಲಬುರಗಿಯಲ್ಲಿ ಹುಟ್ಟಿ ಬೆಳೆದವರಿಗೆ ಸನ್ನತಿ ದೂರದ ಊರೇನಲ್ಲ. ಚಂದ್ರಲಾಂಬೆಯನ್ನು ಮನೆದೇವರೆಂದು ನಡೆದುಕೊಳ್ಳುವ ಕುಟುಂಬಗಳು ನಮ್ಮ ಓಣಿಯಲ್ಲೇ ನಾಲ್ಕಾರು ಇದ್ದವು. ಮದುವೆ, ಮುಂಜಿ ಮುಗಿದ ಮೇಲೆ ಅವರು ಭೀಮಾ ತೀರದ ಆ ಗುಡಿಗೆ ಹೋಗಿ ಬಂದು ಪ್ರಸಾದ ಹಂಚುತ್ತಿದ್ದರು. ಹಾಗಿದ್ದೂ ಐವತ್ತು ದಾಟುವವರೆಗೆ ನಾನು ಅಲ್ಲಿಗೆ ಕಾಲಿಟ್ಟಿರಲಿಲ್ಲ. ಕಳೆದ ಡಿಸೆಂಬರಿನಲ್ಲಿ ಹೊರಟಾಗಲೂ ಮನಸ್ಸಿನಲ್ಲಿದ್ದುದು ದೇವಿಯಲ್ಲ, ಅಶೋಕ. ಹಿಂದಿನ ದಿನ ರಾಷ್ಟ್ರಕೂಟರ ಮಳಖೇಡವನ್ನು ಸುತ್ತಿ ಬಂದಿದ್ದೆ. ಕಾಗಿಣಾ ದಂಡೆಯ ಆ ಕೋಟೆಯ ಬಗ್ಗೆ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮರುದಿನ ಸನ್ನತಿಯ ಪ್ರಾಂಗಣದಲ್ಲಿ ಕಳೆದ ಎರಡು ತಾಸು ಅದನ್ನು ನೆನಪಿನಿಂದ ಹೆಚ್ಚುಕಡಿಮೆ ಅಳಿಸಿಹಾಕಿದೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. ನಾಲವಾರ ನಿಲ್ದಾಣದಲ್ಲಿ ರೈಲಿನಿಂದ ಇಳಿದಾಗ ಬಸ್ಸು ಆಗಲೇ ಹೋಗಿತ್ತು. ಒಬ್ಬ ಆಟೋದವನು ಹೋಗಿಬರುವ ಬಾಡಿಗೆಯನ್ನು ಒಟ್ಟಿಗೇ ಕೇಳಿದ, ನಾನು ಕೊಟ್ಟೆ. ಗುಡಿಯ ಮುಂದೆ ಇಳಿಸಿ, ಚಹಾ ಕುಡಿದು ಬರುವೆನೆಂದು ಹೋದವನು ಸಂಜೆಯವರೆಗೂ ತಿರುಗಿ ಬರಲಿಲ್ಲ. ನನ್ನ ನೀರಿನ ಬಾಟಲಿ ಮತ್ತು ಶೇಂಗಾ ಹಿಂಡಿ ಹಚ್ಚಿ ಕಟ್ಟಿಕೊಟ್ಟಿದ್ದ ಎರಡು ರೊಟ್ಟಿ ಅವನ ಆಟೋದಲ್ಲೇ ಉಳಿದವು. ಸನ್ನತಿಗೆ ಹೋಗುವವರು ಮರಳುವ ಬಾಡಿಗೆಯನ್ನು ಮರಳಿದ ಮೇಲೆಯೇ ಕೊಡಬೇಕು, ಬುತ್ತಿಯ ಚೀಲವನ್ನು ಹೆಗಲಿನಿಂದ ಇಳಿಸಬಾರದು. ಬಾಡಿಗೆಯ ಹಣಕ್ಕಿಂತ ಆ ರೊಟ್ಟಿಗಳೇ ಇಂದಿಗೂ ನನ್ನನ್ನು ಕಾಡುತ್ತವೆ.

ಸನ್ನತಿಯ ಪ್ರಾಚೀನ ಅವಶೇಷಗಳನ್ನು 1954ರಲ್ಲಿ ಮೊದಲು ವಿದ್ವಾಂಸರ ಗಮನಕ್ಕೆ ತಂದವರು ಕಪಟರಾಳ ಕೃಷ್ಣರಾಯರು. ಆದರೆ ಊರಿನ ಹೆಸರು ನಾಡಿನಾಚೆಗೂ ಹೋದದ್ದು ಒಂದು ಅನಾಹುತದಿಂದ. 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಛಾವಣಿ ಕುಸಿದು ಮೂರ್ತಿಗೆ ಹಾನಿಯಾಯಿತು. ಕಲ್ಲುಮಣ್ಣನ್ನು ತೆಗೆಯುತ್ತ ಹೋದಂತೆ, ಮೂರ್ತಿಗೆ ಪೀಠವಾಗಿದ್ದ ಕಲ್ಲಿನ ಫಲಕದ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಪ್ರಾಕೃತ ಭಾಷೆಯ ಆ ಬರಹ ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳ ಹಾಗೂ ‘ಪ್ರತ್ಯೇಕ ಶಾಸನ’ಗಳೆಂದೇ ಕರೆಯಲಾಗುವ ಇನ್ನೆರಡರ ಭಾಗಗಳೆಂದು ತಿಳಿಯಿತು. ಮಸ್ಕಿ, ಕೊಪ್ಪಳ, ಬ್ರಹ್ಮಗಿರಿಗಳಲ್ಲಿ ಇರುವುದು ಅಶೋಕನ ಕಿರು ಶಾಸನಗಳು; ಅವನ ಹಿರಿಯ ಶಿಲಾಶಾಸನಗಳು ಕರ್ನಾಟಕದಲ್ಲಿ ಸಿಕ್ಕಿರುವುದು ಸನ್ನತಿಯೊಂದರಲ್ಲೇ. ಆ ಪ್ರತ್ಯೇಕ ಶಾಸನಗಳಂತೂ ಇದನ್ನು ಬಿಟ್ಟರೆ ದೂರದ ಕಳಿಂಗದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಇವೆ.

ನನ್ನನ್ನು ಬಹಳ ದಿನಗಳಿಂದ ಕೊರೆಯುತ್ತಿದ್ದುದು ಆ ಫಲಕದ ನಡುವಿನ ರಂಧ್ರ. ಎಂದೋ ಒಂದು ಕಾಲದಲ್ಲಿ ಯಾರೋ ಶಿಲ್ಪಿ, ಮೂರ್ತಿಯ ಬುಡವನ್ನು ಕೂರಿಸುವುದಕ್ಕಾಗಿ, ಬರಹದ ನಟ್ಟನಡುವೆ ಆಯತಾಕಾರದಲ್ಲಿ ಕಲ್ಲನ್ನು ಕೊರೆದಿದ್ದಾನೆ. ಅಲ್ಲಿದ್ದ ಅಕ್ಷರಗಳು ಶಾಶ್ವತವಾಗಿ ಹೋದವು. ಹನ್ನೆರಡನೆಯ ಶಾಸನದಲ್ಲಿ ಇರುವುದಾದರೂ ಏನು? ತನ್ನ ಪಂಥದ ಮೇಲಿನ ಅಭಿಮಾನದಿಂದ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡಿಕೊಳ್ಳುತ್ತಾನೆ, ಆದ್ದರಿಂದ ಮಾತಿನಲ್ಲಿ ಹಿಡಿತವಿರಲಿ ಎಂಬ ಬುದ್ಧಿವಾದ. ಅದನ್ನೇ ಕೊರೆದು ದೇವಿಯನ್ನು ನಿಲ್ಲಿಸಿದ ಕೈಯ ಬಗ್ಗೆ ನನಗೆ ಸಿಟ್ಟಿತ್ತೆಂದು ಒಪ್ಪಿಕೊಳ್ಳಬೇಕು. ಆ ಸಿಟ್ಟನ್ನು ಇಟ್ಟುಕೊಂಡೇ ನಾನು ಆವರಣದಲ್ಲಿ ಅತ್ತಿತ್ತ ನೋಡುತ್ತ ನಿಂತಿದ್ದಾಗ, ಕಂಬಕ್ಕೊರಗಿ ಹೂವು ಕಟ್ಟುತ್ತಿದ್ದ ಮುದುಕಿಯೊಬ್ಬಳು ಕರೆದಳು.

“ಏನ್ ಹುಡುಕಲಾಕತ್ತಿ ತಮ್ಮಾ?”

“ಆಯೀ, ಕಾಳಿ ಗುಡಿ ಛತ್ತು ಬಿದ್ದಾಗ ನೀವು ಇದೇ ಊರಾಗ ಇದ್ರೇನು?”

“ಇರದ ಎಲ್ಲಿ ಹೋಗ್ಲಿ? ನನ್ನ ಅತ್ತಿ ಎದಿ ಎದಿ ಬಡಕೊಂಡು ಅತ್ತಳು. ಅವ್ವ ಸಿಟ್ಟಾಗ್ಯಾಳ, ಊರಿಗಿ ಕೇಡು ಬರ್ತದ ಅಂದ್ರು ಎಲ್ಲಾರೂ. ಕೇಡೇನೂ ಬರಲಿಲ್ಲ, ಶಾಣ್ಯಾ ಮಂದಿ ಬಂದ್ರು.”

ಆ ಶಾಣ್ಯಾ ಮಂದಿ ಕಲ್ಲನ್ನು ತೊಳೆದು, ಹಸಿ ಕಾಗದ ಹಚ್ಚಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಕ್ಷರಗಳನ್ನು ಎತ್ತಿಕೊಂಡ ಬಗೆಯನ್ನು ಅವಳು ಕೈಸನ್ನೆಯಲ್ಲೇ ಮಾಡಿ ತೋರಿಸಿದಳು. ಆಮೇಲೆ, ಇಷ್ಟು ವರ್ಷಗಳಲ್ಲಿ ಯಾರನ್ನೂ ಕೇಳಲು ಆಗಿರಲಿಲ್ಲವೆಂಬಂತೆ ದನಿ ತಗ್ಗಿಸಿ, ಅದರಲ್ಲಿ ಏನು ಬರೆದಿತ್ತೆಂದು ಕೇಳಿದಳು. ನಾನು ತಿಳಿದಷ್ಟನ್ನು ನಮ್ಮ ಮಾತಿನಲ್ಲೇ ಹೇಳಿದೆ. ಪರರ ದೇವರನ್ನು ಬೈಯಬೇಡಿ ಎಂದಿದೆ. ಪ್ರತ್ಯೇಕ ಶಾಸನದಲ್ಲಿ, ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ರಾಜ ಹೇಳಿಕೊಂಡಿದ್ದಾನೆ. ಬಳಿಕ ಆ ರಂಧ್ರದ ವಿಷಯವನ್ನೂ ತೆಗೆದು, ಅಂಥ ಬರಹವನ್ನು ಕೊರೆದುಬಿಟ್ಟರಲ್ಲ ಎಂದೆ.

ಅವಳು ದಾರದ ಗಂಟನ್ನು ಹಲ್ಲಿನಿಂದ ಬಿಗಿದು, “ಕೊರದದ್ದು ಒಂದು ಗೇಣು. ಉಳದದ್ದು ಯಾರು ಕಾಯದ್ರು? ಬಯಲಾಗ ಬಿದ್ದಿದ್ರ ಯಾರರ ಹೊಲದ ಬದುವಿಗಿ ಇಟ್ಟಿರ್ತಿದ್ರು” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಅಷ್ಟು ವರ್ಷ ಅದರ ಮ್ಯಾಲ ನಿಂತಾಕಿ, ಅಕಿ ಓದಿರಲಿಕ್ಕಿಲ್ಲೇನು?” ಎಂದು ಸೇರಿಸಿದಳು.

ನನ್ನ ಬಳಿ ಉತ್ತರವಿರಲಿಲ್ಲ. ಅವಳು ಅದಕ್ಕೆ ಕಾಯಲೂ ಇಲ್ಲ. ಕಲ್ಲಿನ ಕಥೆ ಮುಗಿಯಿತೆಂಬಂತೆ ದೇವಿಯ ಕಥೆಗೆ ಹೊರಳಿದಳು. ನಾರಾಯಣನೆಂಬ ಮುನಿಯ ಹೆಂಡತಿ ಚಂದ್ರವದನೆಯನ್ನು ಸೇತುರಾಜ ಹೊತ್ತೊಯ್ದನಂತೆ. ಮುನಿ ಹಿಂಗುಲಾಂಬೆಯ ಬಳಿಗೆ ಹೋಗಿ ಮೊರೆಯಿಟ್ಟಾಗ, ತಾನು ಹಿಂದೆಯೇ ಬರುತ್ತೇನೆ, ಆದರೆ ತಿರುಗಿ ನೋಡಕೂಡದು ಎಂದು ದೇವಿ ಕರಾರು ಹಾಕಿದಳು. ಆ ಹಿಂಗುಲಾ ಕ್ಷೇತ್ರ ಈಗ ಪಾಕಿಸ್ತಾನದ ಬಲೂಚಿಸ್ತಾನದಲ್ಲಿದೆ. ಅಲ್ಲಿಂದ ನಡೆದು ಬಂದವನು ಕಾಗಿಣಾ ನದಿ ಭೀಮೆಯನ್ನು ಕೂಡುವ ಹೊನಗುಂಟದಲ್ಲಿ, ಅಂದರೆ ಊರಿನ ಹೊಸ್ತಿಲಿಗೆ ಬಂದು, ತಿರುಗಿ ನೋಡಿಬಿಟ್ಟ. “ಗಂಡಸಿಗಿ ಸಂಶೆ ಜಾಸ್ತಿ” ಎಂದು ಅವಳು ನನ್ನನ್ನೇ ನೋಡಿ ನಕ್ಕಳು. ದೇವಿ ಅಲ್ಲೇ ನಿಂತಳು. ಐದು ದುಂಬಿಗಳಿದ್ದ ಒಂದು ತೆಂಗಿನಕಾಯಿಯನ್ನು ಅವನ ಕೈಗಿತ್ತು ಕಳಿಸಿದಳು. ಅದನ್ನು ಅವನು ಅರಮನೆಯಲ್ಲಿ ಒಡೆದಾಗ ಐದು ಹೋಗಿ ಲೆಕ್ಕವಿಲ್ಲದಷ್ಟಾದ ದುಂಬಿಗಳು ರಾಜನನ್ನು ಅಟ್ಟಿಸಿಕೊಂಡು ಹೋದವು, ಹೊಳೆಯಲ್ಲಿ ಮುಳುಗಿದವನನ್ನೂ ಬಿಡಲಿಲ್ಲ.

ಸೇತುರಾಜನೆಂದರೆ ಇತಿಹಾಸದ ಇಂಥ ಅರಸನೇ ಇರಬೇಕು, ಊರಂಚಿನ ರಣಮಂಡಲವೆಂಬ ಹಳೆಯ ಕೋಟೆಯೇ ಅವನ ಅರಮನೆ ಎಂದು ವಾದಿಸುವವರನ್ನು ಕಂಡರೆ ನನಗಾಗದು. ಕಥೆಗೆ ಶಾಸನದ ಅಂಗಿ ತೊಡಿಸಿದರೆ ಕಥೆಯೂ ಕೆಡುತ್ತದೆ, ಶಾಸನವೂ ಕೆಡುತ್ತದೆ. ಆ ಮುದುಕಿಗೆ ಅಂಥ ಅಗತ್ಯವೇ ಇರಲಿಲ್ಲ. ಛಾವಣಿ ಬಿದ್ದದ್ದನ್ನು ಹೇಳಿದ ದನಿಯಲ್ಲೇ ದುಂಬಿಗಳು ಹಾರಿದ್ದನ್ನೂ ಅವಳು ಹೇಳಿದಳು. ವ್ಯತ್ಯಾಸವೆಂದರೆ ಮೊದಲನೆಯದನ್ನು ತಾನು ಕಂಡೆನೆಂದಳು, ಎರಡನೆಯದನ್ನು ಅತ್ತೆಯಿಂದ ಕೇಳಿದೆನೆಂದಳು. ಆಕರವನ್ನು ಇಷ್ಟು ಪ್ರಾಮಾಣಿಕವಾಗಿ ಹೇಳುವ ಮಾರ್ಗದರ್ಶಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಮಧ್ಯಾಹ್ನ ಅವಳೇ ಕೊಡಿಸಿದ ಮಜ್ಜಿಗೆ ಕುಡಿದು, ಒಂದು ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹತ್ತಿರದ ಕನಗನಹಳ್ಳಿಗೆ ಹೋದೆ. ಅಲ್ಲಿನ ಮಹಾಸ್ತೂಪವನ್ನು ಶಾಸನಗಳು ಅಧೋಲೋಕ ಮಹಾಚೈತ್ಯವೆಂದು ಕರೆಯುತ್ತವೆ. ಭಾರತೀಯ ಪುರಾತತ್ವ ಇಲಾಖೆ 1990ರ ದಶಕದಲ್ಲಿ ನಡೆಸಿದ ಉತ್ಖನನದಲ್ಲಿ, ರಾಣಿಯೊಡನೆ ನಿಂತ ರಾಜನ ಶಿಲ್ಪವೊಂದು ಇಲ್ಲಿ ದೊರೆಯಿತು. ಅದರ ಮೇಲೆ ‘ರಾಯ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ಈ ಹೆಸರಿಗಾಗಿಯೇ ನಾನು ಮನೆ ಬಿಟ್ಟು ಬಂದದ್ದು. ಆದರೂ ಸುಣ್ಣಕಲ್ಲಿನ ಅಷ್ಟು ಸೊಗಸಾದ ಕೆತ್ತನೆಗಳಿಗೆ ಹೆಸರಾದ ಜಾಗದಲ್ಲಿ ನಿಂತು, ದೇವಿ ಓದಿರಲಿಕ್ಕಿಲ್ಲವೇ ಎಂಬ ಮಾತನ್ನೇ ಮೆಲುಕು ಹಾಕುತ್ತಿದ್ದೆ.

ಸಂಜೆ ಆಟೋದವನ ಆಸೆ ಬಿಟ್ಟು, ತೊಗರಿ ಕಟ್ಟಿಗೆ ಹೇರಿಕೊಂಡು ನಾಲವಾರದ ಕಡೆ ಹೊರಟಿದ್ದ ಟ್ರ್ಯಾಕ್ಟರ್ ಹತ್ತಿದೆ. ಹೊರಡುವ ಮೊದಲು ಹೇಳಿಹೋಗೋಣವೆಂದು ಗುಡಿಯೊಳಕ್ಕೆ ಹೋದರೆ, ಮುದುಕಿ ಕಂಬದ ಬಳಿ ಇರಲಿಲ್ಲ. ಕಟ್ಟಿ ಮುಗಿಸಿದ ಮಾಲೆಯನ್ನು ಕೊಡಲು ಒಳಗೆ ಹೋಗಿದ್ದಾಳೆಂದು ಕಾಯಿ ಮಾರುವ ಹುಡುಗ ಹೇಳಿದ. ಕಾಯಲು ಟ್ರ್ಯಾಕ್ಟರಿನವನು ಒಪ್ಪಲಿಲ್ಲ. ಅವನಿಗೆ ಬಾಡಿಗೆಯನ್ನು ನಾಲವಾರದಲ್ಲಿ ಇಳಿದ ಮೇಲೆಯೇ ಕೊಟ್ಟೆ.